ಎರಡು ಸಾವಿರದೊಳಗೆ ಮೊದಲ ಬೋನ್ಸಾಯ್: ಮಲೆನಾಡಿನವರು ಯಾವುದನ್ನು ಆರಿಸಬೇಕು?

ಹೋದ ಬೇಸಿಗೆಯಲ್ಲಿ ಶಿವಮೊಗ್ಗದ ಒಂದು ನರ್ಸರಿಗೆ ಹೋಗಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹಾಗಿದ್ದ ಒಬ್ಬ ಹುಡುಗ ಬೋನ್ಸಾಯ್ ಸಾಲಿನ ಮುಂದೆ ತುಂಬ ಹೊತ್ತು ನಿಂತಿದ್ದ. ನೀಲಿ ಪಿಂಗಾಣಿ ಕುಂಡದ ಒಂದು ಪುಟ್ಟ ಗಿಡ ಅವನಿಗೆ ಹಿಡಿಸಿತ್ತು. ಹಾವಿನ ಹಾಗೆ ಬಳುಕಿದ ಕಾಂಡ, ಬುಡದಲ್ಲಿ ಬಿಳಿ ಕಲ್ಲು. "ಹತ್ತು ವರ್ಷದ ಗಿಡ ಸಾರ್, 1800 ಆಗುತ್ತೆ" ಎಂದರು ಅಂಗಡಿಯವರು. ಅಲ್ಲಿಂದ ನಾಲ್ಕು ಹೆಜ್ಜೆ ಆಚೆ ಕಪ್ಪು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಆಲ, ಅತ್ತಿಯ ಬಳಗದ ಒಂದು ಫೈಕಸ್ ಗಿಡ ಇತ್ತು. ಮಣಿಕಟ್ಟಿನಷ್ಟು ದಪ್ಪದ ಬೊಡ್ಡೆ, ಸುತ್ತಲೂ ಹರಡಿದ ಬೇರು, ಅಡ್ಡಾದಿಡ್ಡಿ ಕೊಂಬೆ. ಅದಕ್ಕೆ 500 ರೂಪಾಯಿಯೂ ಹೇಳಿರಲಿಲ್ಲ. ಹುಡುಗ ನೀಲಿ ಕುಂಡವನ್ನು ಎದೆಗೆ ಅವಚಿಕೊಂಡು ಹೊರಟ. ಅಪರಿಚಿತರಿಗೆ ಹೇಗೆ ಹೇಳುವುದು ಎಂದು ನಾನು ಸುಮ್ಮನಿದ್ದೆ. ಆ ದಿನ ಹೇಳದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಮರ ಕೊಳ್ಳಲು ಕೈಯಲ್ಲಿ ಎರಡು ಸಾವಿರದ ಆಸುಪಾಸು ಇದ್ದವರಿಗೆ ಇದು ಉಪಯೋಗಕ್ಕೆ ಬರಬಹುದು.

ದುಡ್ಡು ಯಾವುದಕ್ಕೆ ಕೊಡಬೇಕು?

ಮೊದಲು ಒಂದು ವಿಷಯ. ಬೋನ್ಸಾಯ್ ಅನ್ನುವ ಜಾತಿಯ ಗಿಡವೇ ಇಲ್ಲ. ಜಪಾನಿ ಭಾಷೆಯಲ್ಲಿ 'ಬೋನ್' ಅಂದರೆ ತಟ್ಟೆಯಂಥ ಕುಂಡ, 'ಸಾಯ್' ಅಂದರೆ ನೆಡುವುದು. ಕಲೆ ಹುಟ್ಟಿದ್ದು ಚೀನಾದಲ್ಲಿ, ಮುಂದೆ ಜಪಾನಿಗೆ ಹೋಗಿ ಈಗಿನ ರೂಪ ಪಡೆಯಿತು. ಅಂಗಳದ ಆಲವೂ ಬೋನ್ಸಾಯ್ ಆಗಬಲ್ಲದು, ಹುಣಸೆಯೂ ಆಗಬಲ್ಲದು. ಬೇರು ಮತ್ತು ಕೊಂಬೆಯನ್ನು ಸವರಿ ಸವರಿ ಚಿಕ್ಕದಾಗಿಯೇ ಉಳಿಸಿಕೊಳ್ಳುತ್ತಾರೆ, ಅಷ್ಟೆ. ಹಾಗಾಗಿ 'ಬೋನ್ಸಾಯ್ ಬೀಜ' ಅಂತ ಪೊಟ್ಟಣದಲ್ಲಿ ಮಾರುವುದು ಮಾಮೂಲಿ ಮರದ ಬೀಜವೇ. ಅದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಒಳ್ಳೆಯ ಬೋನ್ಸಾಯ್ ನೋಡಿದ ಕೂಡಲೇ ದೊಡ್ಡ ಮರ ದೂರದಲ್ಲಿ ನಿಂತ ಹಾಗೆ ಅನಿಸುತ್ತದೆ. ಯಾಕೆ ಹಾಗೆ? ಕೆಳಗಿನಿಂದ ನೋಡುತ್ತಾ ಬನ್ನಿ. ಬುಡದಲ್ಲಿ ಬೇರುಗಳು ನೆಲವನ್ನು ಹಿಡಿದುಕೊಂಡ ಹಾಗೆ ಸುತ್ತಲೂ ಹರಡಿರುತ್ತವೆ. ಇದನ್ನು ಬೋನ್ಸಾಯ್ ಮಾಡುವವರು ನೆಬಾರಿ ಅನ್ನುತ್ತಾರೆ. ಅದರ ಮೇಲೆ ದಪ್ಪ ಬೊಡ್ಡೆ, ಮೇಲೆ ಹೋದ ಹಾಗೆ ಸಣ್ಣಗಾಗುವ ಕಾಂಡ. ಆಮೇಲೆ ಕೊಂಬೆ, ಕೊನೆಗೆ ಎಲೆ. ಕೊನೆಯದಾಗಿ ಕುಂಡ.

ಈ ಸಾಲಿನಲ್ಲಿ ಮೊದಲು ಬಂದ ಬೇರು, ಬೊಡ್ಡೆ ಸಿಗುವುದೇ ಕಷ್ಟ. ನೆಲದಲ್ಲಿ ಸ್ವತಂತ್ರವಾಗಿ ಬೆಳೆದ ಫೈಕಸ್ ಬೇಗ ದಪ್ಪವಾಗುತ್ತದೆ. ಅದನ್ನೇ ಆಳವಿಲ್ಲದ ತೆಳು ಕುಂಡಕ್ಕೆ ಹಾಕಿ ಬೇರಿಗೆ ಜಾಗ ಇಲ್ಲದ ಹಾಗೆ ಮಾಡಿದರೆ ಕಾಂಡ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಬೆರಳು ಗಾತ್ರದ ಕಾಂಡ ಬೆರಳು ಗಾತ್ರದಲ್ಲೇ ವರ್ಷಗಟ್ಟಲೆ ಇರುತ್ತದೆ. ಕೊಂಬೆ ಹಾಗಲ್ಲ. ನಮ್ಮ ಮಳೆ, ನಮ್ಮ ಸೆಕೆ ಎರಡೂ ಸೇರಿದರೆ ಫೈಕಸ್‌ಗೆ ಎರಡು-ಮೂರು ವರ್ಷದಲ್ಲಿ ಹೊಸ ಕೊಂಬೆಗಳನ್ನು ಕಟ್ಟಿಕೊಳ್ಳಬಹುದು. ಕುಂಡವಂತೂ ಯಾವಾಗ ಬೇಕಾದರೂ ಸಿಗುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ: ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಬೊಡ್ಡೆ ಮತ್ತು ಬೇರು. ಉಳಿದದ್ದನ್ನು ನಾವೇ ಬೆಳೆಸಬಹುದು. ನೀಲಿ ಕುಂಡದ ಆ ಗಿಡದಲ್ಲಿ ಕುಂಡ ಇತ್ತು, ಕಲ್ಲು ಇತ್ತು, ಬಳುಕು ಇತ್ತು. ಬೊಡ್ಡೆಯೇ ಇರಲಿಲ್ಲ.

ಸಿಗುವ ದಾರಿಗಳು

ಅಂಗಡಿಯಲ್ಲಿ ರೆಡಿಯಾಗಿ ಸಿಗುವ 'ಉಡುಗೊರೆ ಬೋನ್ಸಾಯ್'ನಿಂದ ಶುರು ಮಾಡೋಣ. ಎಳೆಯ ಕಾಂಡವನ್ನು ತಂತಿಯಲ್ಲಿ ಎಸ್ ಆಕಾರಕ್ಕೆ ಬಗ್ಗಿಸಿ, ಹೊಳೆಯುವ ಕುಂಡದಲ್ಲಿಟ್ಟಿರುತ್ತಾರೆ. ನೋಡಲು ಚೆಂದ, ನಿಜ. ಆದರೆ ಕಾಂಡ ಕೆಳಗೂ ಮೇಲೂ ಒಂದೇ ದಪ್ಪ. ಅಂಥದ್ದು ಮರದ ಹಾಗೆ ಕಾಣಬೇಕಾದರೆ ಮತ್ತೆ ನೆಲಕ್ಕೋ ದೊಡ್ಡ ಕುಂಡಕ್ಕೋ ಹಾಕಿ ವರ್ಷಗಟ್ಟಲೆ ಬೆಳೆಸಬೇಕು. ಕೊಟ್ಟ ಬೆಲೆಯಲ್ಲಿ ಜಾಸ್ತಿ ಪಾಲು ಕುಂಡಕ್ಕೇ ಹೋಗಿರುತ್ತದೆ. ಮೇಲಿನ ಬಿಳಿ ಕಲ್ಲುಗಳನ್ನು ಬೆರಳಲ್ಲಿ ಮುಟ್ಟಿ ನೋಡಿ. ಕೆಲವೊಮ್ಮೆ ಅಂಟು ಹಾಕಿ ಕೂರಿಸಿರುತ್ತಾರೆ. ನೀರು ಕೆಳಗೆ ಇಳಿಯುವುದಿಲ್ಲ, ಮಣ್ಣಿನ ಸ್ಥಿತಿ ಕಾಣುವುದೂ ಇಲ್ಲ. ನಾನು ಮೊದಲು ಆನ್‌ಲೈನ್‌ನಲ್ಲಿ ತರಿಸಿದ ಗಿಡ ಇದೇ ತರಹದ್ದು. ಚಿತ್ರದಲ್ಲಿದ್ದದ್ದು ಒಂದು, ಬಂದದ್ದು ಇನ್ನೊಂದು. ಅಂಟಿನ ಕಲ್ಲನ್ನು ಉಳಿಯಲ್ಲಿ ಎಬ್ಬಿಸಿದಾಗ ಕೆಳಗೆ ಬರೀ ಜೇಡಿಮಣ್ಣು, ಕಪ್ಪಾದ ನಾಲ್ಕು ಬೇರು. ಅಷ್ಟರಲ್ಲಿ ತಡವಾಗಿತ್ತು. ಅವತ್ತು ತುಂಬಾ ಬೇಸರವಾಗಿತ್ತು. ಮೊದಲ ಮರ ಸತ್ತರೆ ಅನೇಕರು ಈ ಕಡೆಗೆ ತಿರುಗಿಯೂ ನೋಡುವುದಿಲ್ಲ. ಹಾಗಾಗಬಾರದು ಅಂತಲೇ ಇಷ್ಟು ವಿವರ ಬರೆಯುತ್ತಿದ್ದೇನೆ.

ಎರಡನೆಯದು ಜಿನ್ಸೆಂಗ್ ಫೈಕಸ್. ಗೆಣಸನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗೆ ಊದಿದ ಬೇರು, ಮೇಲೆ ಒಂದು ಹಿಡಿ ಎಲೆ. ಜಿನ್ಸೆಂಗ್ ಎಂಬ ಔಷಧಿ ಬೇರಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಇದು ಫೈಕಸ್ ಮೈಕ್ರೋಕಾರ್ಪಾ, ನಮ್ಮ ಆಲ, ಅತ್ತಿ, ಗೋಳಿಯ ಬಳಗದ್ದೇ. ಬೀಜದಿಂದ ಬೆಳೆಸಿ, ಊದಿದ ಬೇರನ್ನು ಮಣ್ಣಿನಿಂದ ಮೇಲೆತ್ತಿ, ತಲೆ ಕತ್ತರಿಸಿ, ಸಣ್ಣ ಎಲೆಯ ಫೈಕಸ್ ಅನ್ನು ಕಸಿ ಕಟ್ಟುತ್ತಾರೆ. ಗಟ್ಟಿ ಜೀವ. ನೀರು ಹೆಚ್ಚಾದರೂ ಕಡಿಮೆಯಾದರೂ ಸುಲಭವಾಗಿ ಸಾಯುವುದಿಲ್ಲ. ಕಿಟಕಿ ಪಕ್ಕದಲ್ಲೂ ಬದುಕುತ್ತದೆ. ಆದರೆ ಆ ಗೆಣಸಿನ ಹೊಟ್ಟೆಯಿಂದ ಮರದ ಆಕಾರ ತೆಗೆಯುವುದು ಬಲು ಕಷ್ಟ. ಕಸಿ ಕಟ್ಟಿದ ಗಂಟು ಎದ್ದು ಕಾಣುತ್ತದೆ. ಬಾಡಿಗೆ ಮನೆಯಲ್ಲಿದ್ದೀರಿ, ಅಂಗಳ ಇಲ್ಲ, ಸುಮ್ನೆ ಒಂದು ಹಸಿರು ಬೇಕು ಅಂದರೆ ಇದನ್ನು ತಗೊಳ್ಳಿ. ಬೋನ್ಸಾಯ್ ಕಲಿಯಬೇಕು ಅಂದರೆ ಬೇಡ.

ಮೂರನೆಯದೇ ನನ್ನ ಆಯ್ಕೆ: ನರ್ಸರಿಯ ಕೊಟ್ಟೆ ಗಿಡ. ಅದೂ ಬೋನ್ಸಾಯ್ ಸಾಲಿನಲ್ಲಿ ಇಟ್ಟದ್ದಲ್ಲ, ಬೇಲಿಗೆ, ಬಂಗಲೆಯ ಗೇಟಿನ ಪಕ್ಕಕ್ಕೆ ಅಂತ ಇಟ್ಟದ್ದು. ಇವು ಮಾರಾಟವಾಗದೆ ಎರಡು-ಮೂರು ವರ್ಷ ಮೂಲೆಯಲ್ಲಿ ಉಳಿದಿರುತ್ತವೆ. ಎಷ್ಟೋ ಸಲ ಕೊಟ್ಟೆಯ ತಳ ಹರಿದು ಬೇರು ನೆಲಕ್ಕೆ ಇಳಿದಿರುತ್ತದೆ. ಬೊಡ್ಡೆ ದಪ್ಪವಾಗಲು ಅದೇ ಕಾರಣ. ನರ್ಸರಿಯವರಿಗೆ ಅದು ಜಾಗ ತಿನ್ನುವ ಹಳೇ ಗಿಡ, ನಮಗೆ ಬೇಕಾದದ್ದೇ ಅದು. ಹಿಂದಿನ ಸಾಲುಗಳಿಗೆ ಹೋಗಿ, ಬಗ್ಗಿ, ಬರೀ ಬುಡ ನೋಡುತ್ತಾ ನಡೆಯಿರಿ. "ಎಲೆ ನೋಡಿ ಅಕ್ಕಾ, ಬುಡ ಏನ್ ನೋಡ್ತೀರಿ?" ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಬುಡ ಯಾಕೆ ಎಂದು ವಿವರಿಸಿದ ಮೇಲೆ ಅವನೇ ಒಳಗಿನಿಂದ ಇನ್ನೂ ಎರಡು ಎಳೆದು ತಂದ. ಇದರ ಕಷ್ಟ ಒಂದೇ. ಮನೆಗೆ ತಂದಾಗ ಇದು ಬೋನ್ಸಾಯ್ ಹಾಗೆ ಕಾಣುವುದಿಲ್ಲ. ಮೊದಲ ವರ್ಷ ಮನೆಗೆ ಬಂದವರು "ಇದೆಂಥ ಗಿಡ?" ಅನ್ನುತ್ತಾರೆ. ಎರಡನೇ ಮಳೆಗಾಲ ಕಳೆದ ಮೇಲೆ ಹಾಗೆ ಕೇಳುವುದಿಲ್ಲ.

ನಾಲ್ಕನೆಯದು, ಹವ್ಯಾಸಿಗಳ ಕೈಯಿಂದ ಬರುವ ಅರ್ಧ ತಯಾರಾದ ಮರ. ನಿಜ ಹೇಳಬೇಕೆಂದರೆ ಸಿಕ್ಕರೆ ಇದು ಕೊಟ್ಟೆ ಗಿಡಕ್ಕಿಂತಲೂ ಒಳ್ಳೆಯದು. ಅವರ ಬಳಿ ಜಾಗ ಸಾಲದೆ ಪ್ರತಿ ವರ್ಷ ಕೆಲವು ಮರ ಕೈಬಿಡುತ್ತಾರೆ. ಮೊದಲ ಬೇರು ಕತ್ತರಿಕೆ ಆಗಿರುತ್ತದೆ, ಮುಖ್ಯ ಕೊಂಬೆ ಆರಿಸಿ ಆಗಿರುತ್ತದೆ. ಎಲ್ಲಕ್ಕಿಂತ ದೊಡ್ಡದು, ಮುಂದೆ ಸಂಶಯ ಬಂದರೆ ಕೇಳಲು ಒಬ್ಬರು ಸಿಗುತ್ತಾರೆ. ತೊಂದರೆ ಏನೆಂದರೆ ನಮ್ಮ ಕಡೆ ಇಂಥವರು ಕಡಿಮೆ, ಬೆಂಗಳೂರು-ಮೈಸೂರಿನಲ್ಲಿ ಜಾಸ್ತಿ. ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಅಲ್ಲಿ ಬೋನ್ಸಾಯ್ ಇಟ್ಟವರ ಜೊತೆ ನಾಚಿಕೆಪಡದೆ ಮಾತಾಡಿ. ಶಿವಮೊಗ್ಗದಲ್ಲಿ ತೋಟಗಾರಿಕೆ ಇಲಾಖೆಯ ಪ್ರದರ್ಶನ, ನವಿಲೆಯ ಕೃಷಿ-ತೋಟಗಾರಿಕೆ ಮೇಳ ಇವೆರಡನ್ನೂ ತಪ್ಪಿಸಬೇಡಿ. ಮೈಸೂರಿಗೆ ಹೋದರೆ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಕೊಳ್ಳುವ ಮೊದಲು ನೂರು ಒಳ್ಳೆಯ ಮರ ಕಣ್ಣಾರೆ ನೋಡಿದರೆ ಬೊಡ್ಡೆ ಅಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರಿನಿಂದ ತರುವುದಾದರೆ ಬಸ್ಸಿನ ಡಿಕ್ಕಿಗೆ ಹಾಕಬೇಡಿ. ರೈಲಿನಲ್ಲಿ ಕಾಲ ಬಳಿ ಇಟ್ಟುಕೊಂಡು ತನ್ನಿ.

ಐದನೆಯ ದಾರಿಗೆ ದುಡ್ಡೇ ಬೇಡ. ಹಳೇ ಮನೆಯ ಗೋಡೆ, ಬಾವಿಯ ಕಲ್ಲಿನ ಸಂದು, ಹೆಂಚಿನ ಸೂರು. ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಆಲ, ಗೋಳಿ, ಅತ್ತಿ ಅಲ್ಲೆಲ್ಲ ಇರುತ್ತವೆ. ಮಣ್ಣಿಲ್ಲದೆ, ಕಲ್ಲನ್ನು ಅಪ್ಪಿಕೊಂಡು ವರ್ಷಗಟ್ಟಲೆ ಬೆಳೆದದ್ದರಿಂದ ಅವುಗಳ ಬೇರಿನ ಆಕಾರ ಯಾವ ಕೈಗೂ ಬರುವುದಿಲ್ಲ. ಮನೆಯವರಿಗಂತೂ ಗೋಡೆ ಬಿರುಕು ಬಿಡುವ ಚಿಂತೆ. ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ, ಸಿಕ್ಕಷ್ಟು ಬೇರಿನ ಸಮೇತ ನಿಧಾನಕ್ಕೆ ಬಿಡಿಸಿ, ದಪ್ಪ ಮರಳಿನಲ್ಲಿ ನೆಟ್ಟು, ನೆರಳಲ್ಲಿಡಿ. ಎಲೆ ಎಲ್ಲ ಉದುರಬಹುದು. ಹೆದರಬೇಡಿ. ಕಾಂಡವನ್ನು ಉಗುರಿನಲ್ಲಿ ಕೆರೆದಾಗ ಒಳಗೆ ಹಸಿರಿದ್ದರೆ ಜೀವ ಇದೆ. ಆದರೆ ಎಲ್ಲವೂ ಉಳಿಯುವುದಿಲ್ಲ, ಉಳಿದದ್ದನ್ನೂ ಒಂದು ವರ್ಷ ಮುಟ್ಟದೆ ಬಿಡಬೇಕು. ಅದಕ್ಕೆ ಇದು ಮೊದಲ ಮರವಾಗಿ ಬೇಡ, ಮೊದಲ ಮರದ ಜೊತೆಗೆ ಇರಲಿ. ಅರಳಿಯ ವಿಚಾರದಲ್ಲಿ ಮಾತ್ರ ಮನೆಯ ಹಿರಿಯರನ್ನು ಕೇಳಿ ಮುಂದುವರಿಯಿರಿ. ಅಶ್ವತ್ಥವನ್ನು ಕಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎರಡೂ ಅನೇಕರಿಗೆ ಒಪ್ಪಿಗೆ ಇಲ್ಲ. ಆ ಭಾವನೆಗೆ ಬೆಲೆ ಕೊಡೋಣ, ಬೇರೆ ಗಿಡಕ್ಕೇನು ಬರವೇ?

ಗೋಡೆಯಿಂದ ತರಬಹುದು ಅಂದೆ, ಕಾಡಿನಿಂದ ಅಲ್ಲ. ಕೊಡಚಾದ್ರಿಯ ಮೇಲೆ ಗಾಳಿಗೆ ಮೈ ಬಾಗಿಸಿ ನಿಂತ ಕುಳ್ಳ ಮರಗಳನ್ನು ನೋಡಿದರೆ ಎಂಥವರಿಗೂ ಆಸೆಯಾಗುತ್ತದೆ. ಫೋಟೋ ತೆಗೆದುಕೊಳ್ಳಿ, ಕೊಂಬೆ ಹೇಗೆ ತಿರುಗಿದೆ ಎಂದು ಬರೆದುಕೊಳ್ಳಿ. ಕೈ ಹಾಕಬೇಡಿ. 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ, ವನ್ಯಜೀವಿಧಾಮದ ಒಳಗೆ ಇನ್ನೂ ಬಿಗಿ. ಕಾಯ್ದೆ ಇಲ್ಲದಿದ್ದರೂ ನೂರು ವರ್ಷ ಅಲ್ಲಿ ಬದುಕಿದ್ದನ್ನು ನಮ್ಮ ಜಗಲಿಗೆ ತಂದು ಕೊಲ್ಲುವುದು ತಪ್ಪೇ.

ಯಾವ ಗಿಡ? ಅದನ್ನು ಮಳೆ ಹೇಳುತ್ತದೆ

ಬೋನ್ಸಾಯ್ ವಿಡಿಯೋಗಳು ಹೆಚ್ಚಾಗಿ ಚಳಿ ದೇಶದವು. ಅವರಿಗೆ ಹಿಮದ ಚಿಂತೆ, ನಮಗೆ ಮಳೆಯ ಚಿಂತೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ, ಶಿಕಾರಿಪುರ ಕಡೆ ಅದರ ಒಂದು ಸಣ್ಣ ಪಾಲು ಮಾತ್ರ. ಹಾಗಾಗಿ "ಮಲೆನಾಡಿಗೆ ಯಾವ ಗಿಡ?" ಅನ್ನುವುದಕ್ಕಿಂತ "ನಿಮ್ಮ ಮನೆ ಯಾವ ಕಡೆ?" ಅನ್ನುವುದೇ ಸರಿ. ಆರಿದ್ರಾ, ಪುನರ್ವಸು, ಪುಷ್ಯ ಈ ಮೂರು ಮಳೆಯನ್ನು, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲವರೆಗೆ, ಗಿಡ ಹೇಗೆ ದಾಟುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಎರಡೂ ಕಡೆ ಕಣ್ಣು ಮುಚ್ಚಿ ಹೇಳಬಹುದಾದ ಹೆಸರು ಫೈಕಸ್. ಅದರಲ್ಲೂ ಮೈಕ್ರೋಕಾರ್ಪಾ, ಇಲ್ಲವೇ ನರ್ಸರಿಯವರು 'ಲಾಂಗ್ ಐಲೆಂಡ್' ಅನ್ನುವ ಸಣ್ಣ ಎಲೆಯದು. ಎಷ್ಟು ಕತ್ತರಿಸಿದರೂ ಚಿಗುರುತ್ತದೆ. ಹಳೇ ಕಾಂಡದ ಮೇಲೂ ಹೊಸ ಮೊಗ್ಗು ಬರುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಬಿಳಲು ಇಳಿಸುತ್ತದೆ. ಬಯಲುಸೀಮೆಯವರು ಬಿಳಲಿಗಾಗಿ ಪ್ಲಾಸ್ಟಿಕ್ ಹೊದಿಸಿ ತೇವ ಕಟ್ಟಿಕೊಳ್ಳಬೇಕು, ತೀರ್ಥಹಳ್ಳಿ ಕಡೆ ಜಗಲಿಯಲ್ಲಿಟ್ಟರೆ ತಾನೇ ಇಳಿಯುತ್ತದೆ. ಅದು ನಮಗೆ ಸಿಕ್ಕ ಭಾಗ್ಯ.

ಇದೇ ಬಳಗದ ಬೆಂಜಮಿನಾ ಎಲ್ಲ ನರ್ಸರಿಯಲ್ಲೂ ಅಗ್ಗಕ್ಕೆ ಸಿಗುತ್ತದೆ. ಆದರೆ ಜಾಗ ಬದಲಿಸಿದರೆ ಎಲೆ ಉದುರಿಸುತ್ತದೆ. ಒಂದೂ ಎಲೆ ಬಿಡದೆ ಕೊಂಬೆ ಕತ್ತರಿಸಿದರೆ ಆ ಕೊಂಬೆ ಒಣಗಿಹೋಗುವುದು ಜಾಸ್ತಿ. ಮೊದಲ ಮರಕ್ಕೆ ಮೈಕ್ರೋಕಾರ್ಪಾ ಸಿಗುವಾಗ ಇದು ಯಾಕೆ?

ಜೇಡ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 'ಮೊದಲ ಬೋನ್ಸಾಯ್‌ಗೆ ಜೇಡ್ ಬೆಸ್ಟ್' ಅಂತ ಎಲ್ಲ ಕಡೆ ಕೇಳುತ್ತೀರಿ. ಸಣ್ಣ ದುಂಡು ಎಲೆಯ ಈ ಗಿಡ ದಕ್ಷಿಣ ಆಫ್ರಿಕಾದ ಒಣ ಸೀಮೆಯದು. ಎಲೆಯಲ್ಲಿ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಕಡ್ಡಿ ಮುರಿದು ನೆಟ್ಟರೂ ಬೇರು ಬರುತ್ತದೆ. ಶಿವಮೊಗ್ಗ ಪೇಟೆಯ ಬಿಸಿಲು ಬೀಳುವ ಟೆರೇಸಿಗೆ, ಶಿಕಾರಿಪುರಕ್ಕೆ ಖಂಡಿತ ಒಳ್ಳೆಯದು. ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆ ಮಳೆಗಾಲವಿಡೀ ಸೂರಿನ ಒಳಗೆ, ಬೆಳಕು ಬೀಳುವಲ್ಲಿ ಇಡಲು ಜಾಗ ಇದ್ದರೆ ಮಾತ್ರ. ನನ್ನ ಒಂದು ಒಳ್ಳೆಯ ಜೇಡ್ ಪುನರ್ವಸು ಮಳೆಯಲ್ಲಿ ಹತ್ತೇ ದಿನ ಹೊರಗೆ ಉಳಿದಿತ್ತು. ಬುಡ ಬೆಂದ ಸೌತೆಕಾಯಿಯ ಹಾಗೆ ಮೆತ್ತಗಾಯಿತು. ಬುಡ ಊದಿದ, ಒಣ ಸೀಮೆಯದೇ ಆದ ಅಡೀನಿಯಂಗೂ ಇದೇ ಮಾತು.

ಬೋಗನ್‌ವಿಲ್ಲಾ ಬಿಸಿಲಿನ ಗಿಡ. ಶಿವಮೊಗ್ಗ, ಭದ್ರಾವತಿ ಕಡೆಯವರಿಗೆ ಇದಕ್ಕಿಂತ ಅಗ್ಗದಲ್ಲಿ ದಪ್ಪ ಬೊಡ್ಡೆ ಬೇರೆಲ್ಲೂ ಸಿಗುವುದಿಲ್ಲ. ಹಳೇ ಕಾಂಪೌಂಡ್ ಒಡೆಯುವಾಗ ಹತ್ತಾರು ವರ್ಷದ ಬುಡವನ್ನು ಕಿತ್ತು ಬಿಸಾಡುತ್ತಾರೆ. ಮನೆಯವರನ್ನು ಕೇಳಿ ತಂದುಕೊಳ್ಳಿ. ಫೆಬ್ರವರಿ-ಮಾರ್ಚ್ ಒಳ್ಳೆಯ ಕಾಲ. ಬೇರು ಪುಸಕ್ಕನೆ ಮುರಿಯುತ್ತದೆ, ಎತ್ತುವಾಗ ಹುಷಾರು. ದೊಡ್ಡ ಗಾಯದ ಮೇಲೆ ನೀರು ನಿಂತರೆ ಮರ ಒಳಗೇ ಕೊಳೆಯುತ್ತದೆ. ಅದಕ್ಕೆ ಕತ್ತರಿಸುವಾಗ ನೀರು ಜಾರುವ ಹಾಗೆ ಓರೆಯಾಗಿ ಕತ್ತರಿಸಿ. ಘಟ್ಟದ ಅಂಚಿನಲ್ಲಿದ್ದವರಿಗೆ ಗಿಡ ಬದುಕಿದರೂ ಬಿಸಿಲು ಸಾಲದೆ ಮಳೆಗಾಲದಲ್ಲಿ ಹೂವಿನ ಆಸೆ ಬಿಡಬೇಕು.

ಜುನಿಪರ್, ಪೈನ್? ಬೋನ್ಸಾಯ್ ಅಂದ ಕೂಡಲೇ ಕಣ್ಣ ಮುಂದೆ ಬರುವ ಚಿತ್ರ ಅವುಗಳದ್ದೇ, ಗೊತ್ತು. ಅವಕ್ಕೆ ಚಳಿಗಾಲದ ವಿಶ್ರಾಂತಿ ಬೇಕು, ಒದ್ದೆ ಬೇರು ಆಗದು. ಇನ್ನೊಂದು ಮೋಸ ಇದೆ. ಜುನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ಕಲಿಯುವವರಿಗೆ ತಪ್ಪು ಎಲ್ಲಾಯಿತು ಎಂದು ತಿಳಿಯುವುದೇ ಇಲ್ಲ. ಆ ರೂಪವೇ ಬೇಕು ಅಂದರೆ ಗಾಳಿಮರ ತನ್ನಿ. ಸೂಜಿಯಂಥ ಹಸಿರು, ನಮ್ಮ ಹವೆಗೆ ಹೊಂದುತ್ತದೆ, ನೀರು ಬಿಸಿಲು ಎರಡೂ ಚೆನ್ನಾಗಿ ಬೇಕು. ಕಾಮಿನಿ, ಹುಣಸೆ ಕೂಡ ಒಳ್ಳೆಯವು. ಆದರೆ ಹುಣಸೆ ನಿಧಾನ, ತಾಳ್ಮೆ ಇದ್ದವರಿಗೆ. ಬಿಳಿ ಪುಟ್ಟ ಹೂವಿನ ಕಾರ್ಮೋನಾ ಸೂಕ್ಷ್ಮದ್ದು, ಎರಡನೆಯದೋ ಮೂರನೆಯದೋ ಆಗಿರಲಿ.

ನರ್ಸರಿಯಲ್ಲಿ ನಿಂತಾಗ

ಗಿಡ ಇಷ್ಟವಾಯಿತು. ಬೆಲೆ ಕೇಳುವ ಮೊದಲು ಕೂತುಕೊಳ್ಳಿ. ನಿಂತು ನೋಡಿದರೆ ಎಲೆ ಕಾಣುತ್ತದೆ, ಕೂತರೆ ಮಾತ್ರ ಮರ ಕಾಣುತ್ತದೆ. ಮಾಲೀಕರನ್ನು ಕೇಳಿ ಬುಡದ ಮಣ್ಣನ್ನು ಬೆರಳಲ್ಲಿ ಒಂದು ಇಂಚು ಸರಿಸಿ. ಕೊಟ್ಟೆ ಬದಲಿಸಿದಾಗೆಲ್ಲ ಮೇಲೆ ಮಣ್ಣು ಹಾಕುವುದರಿಂದ ಒಳ್ಳೆಯ ಬೇರು ಎಷ್ಟೋ ಸಲ ಕೆಳಗೆ ಹೂತಿರುತ್ತದೆ. ಅಲ್ಲಿ ಮೂರು-ನಾಲ್ಕು ಬೇರು ಬೇರೆ ಬೇರೆ ದಿಕ್ಕಿಗೆ ಹೊರಟಿದ್ದರೆ ಅದೃಷ್ಟ. ಒಂದೇ ದಪ್ಪ ಬೇರು ಬುಡಕ್ಕೆ ಹಗ್ಗದ ಹಾಗೆ ಸುತ್ತಿಕೊಂಡಿದ್ದರೆ ಬಿಡಿ, ಮುಂದೆ ಅದು ಕುತ್ತಿಗೆಗೆ ಉರುಳು.

ಕಾಂಡ ಹಿಡಿದು ಮೆಲ್ಲಗೆ ಅಲುಗಿಸಿ. ಮಣ್ಣಿನಲ್ಲಿ ಸಡಿಲವಾಗಿ ಆಡಿದರೆ ಮೊನ್ನೆಯಷ್ಟೇ ನೆಟ್ಟದ್ದು, ಇಲ್ಲವೇ ಬೇರು ಕೊಳೆತದ್ದು. ಕೆಳಗಿನ ಕೊಂಬೆಗಳು ಇವೆಯೇ ನೋಡಿ. ನೆಲದಿಂದ ಒಂದು ಅಡಿವರೆಗೆ ಕೊಂಬೆಯೇ ಇಲ್ಲದ ಬೆಂಜಮಿನಾ ಕೆಲಸಕ್ಕೆ ಬರುವುದಿಲ್ಲ. ಮೈಕ್ರೋಕಾರ್ಪಾ ಆದರೆ ತಲೆ ಕತ್ತರಿಸಿದ ಮೇಲೆ ಕೆಳಗೂ ಚಿಗುರುತ್ತದೆ, ಅಷ್ಟು ಚಿಂತೆ ಬೇಡ. ಕೊಂಬೆಯಲ್ಲಿ ಹಳೇ ತಂತಿ ಹೂತು ಕೂತ ಸುರುಳಿ ಗುರುತು ಇದ್ದರೆ ಬೆಲೆ ಇಳಿಸಿ ಕೇಳಿ, ಆ ಗಾಯ ಮಾಯಲು ತುಂಬಾ ವರ್ಷ ಬೇಕು.

ಆಮೇಲೆ ಎಲೆಯ ಹಿಂಬದಿ. ಇರುವೆ ಸಾಲು ಹತ್ತುತ್ತಿದ್ದರೆ ಮೇಲೆಲ್ಲೋ ಹಿಟ್ಟು ತಿಗಣೆಯೋ ಶಲ್ಕ ಕೀಟವೋ ಇದೆ ಎಂದೇ ಅರ್ಥ. ಫೈಕಸ್ ಎಲೆ ಹೋಳಿಗೆಯ ಹಾಗೆ ಮಡಚಿಕೊಂಡಿದ್ದರೆ ಬಿಡಿಸಿ ನೋಡಿ, ಒಳಗೆ ಕಪ್ಪು ಥ್ರಿಪ್ಸ್ ಹುಳು ಓಡಾಡುತ್ತವೆ. ಇದು ಸಾಯಿಸುವ ರೋಗವಲ್ಲ. ಮಡಚಿದ ಎಲೆ ಕಿತ್ತು ಸುಟ್ಟು, ಬೇವಿನೆಣ್ಣೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಚೌಕಾಸಿಗೆ ಒಂದು ಕಾರಣವೂ ಆಗುತ್ತದೆ. ವಯಸ್ಸಿನ ಮಾತಿಗೆ ಮಾತ್ರ ಕಿವಿಗೊಡಬೇಡಿ. ಹತ್ತು ವರ್ಷ ಅಂತ ಯಾರು ಬೇಕಾದರೂ ಹೇಳಬಹುದು. "ಕೊನೆಯ ಸಲ ಮಣ್ಣು ಬದಲಿಸಿದ್ದು ಯಾವಾಗ?" ಎಂದು ಕೇಳಿ. ಸ್ವತಃ ಬೆಳೆಸಿದವರಿಗೆ ಇದಕ್ಕೆ ಉತ್ತರ ಗೊತ್ತಿರುತ್ತದೆ.

ಎರಡು ಸಾವಿರದ ಲೆಕ್ಕ

ನಾನಾದರೆ ಹೀಗೆ ಹಂಚುತ್ತೇನೆ. ಗಿಡಕ್ಕೆ 1200ರವರೆಗೆ. 500ಕ್ಕೇ ಒಳ್ಳೆಯ ಬೊಡ್ಡೆ ಸಿಕ್ಕರೆ ಅದೇ ಜಾತಿಯ ಎರಡು ತಗೊಳ್ಳಿ, ಒಂದು ಕೆಟ್ಟರೂ ಕಲಿಕೆ ನಿಲ್ಲುವುದಿಲ್ಲ. ಕೊಂಬೆಗೆ ಸುತ್ತಿ ಬಗ್ಗಿಸುವ ಅಲ್ಯೂಮಿನಿಯಂ ತಂತಿಗೆ ಸುಮಾರು 300, ಎರಡು ದಪ್ಪದ್ದು. ಕೊಂಬೆಯ ದಪ್ಪದ ಮೂರನೇ ಒಂದರಷ್ಟು ತಂತಿ ಇದ್ದರೆ ಸಾಕು. ತಾಮ್ರ ಬೇಡ, ದುಬಾರಿ, ಕೈಗೂ ಗಟ್ಟಿ. ಇನ್ನೊಂದು 300 ಚೂಪಾದ ಕತ್ತರಿಗೆ. ಕಾಫಿ, ಮೆಣಸಿನ ತೋಟ ಇದ್ದವರ ಮನೆಯಲ್ಲಿ ಗಿಡ ಸವರುವ ಕತ್ತರಿ ಇದ್ದೇ ಇರುತ್ತದೆ, ಅದನ್ನೇ ಸಾಣೆ ಹಿಡಿದುಕೊಂಡರೆ ಈ ಖರ್ಚೂ ಇಲ್ಲ. ಜಪಾನಿನ ವಿಶೇಷ ಕತ್ತರಿಗಳು ಈಗ ಬೇಡವೇ ಬೇಡ.

ಉಳಿದ 200ರಲ್ಲಿ ಕುಂಡ ಮತ್ತು ಮಣ್ಣು ಎರಡೂ ಆಗಬೇಕು, ಆಗುತ್ತದೆ. ಮೊದಲ ಎರಡು ವರ್ಷ ಪಿಂಗಾಣಿ ತಟ್ಟೆ ಕೊಳ್ಳಬೇಡಿ. ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿ ತನ್ನಿ. ಗಾಳಿ ಎಲ್ಲ ಕಡೆಯಿಂದ ಆಡುತ್ತದೆ, ಬೇರು ಸುತ್ತಿಕೊಳ್ಳದೆ ಸಣ್ಣ ಸಣ್ಣದಾಗಿ ಕವಲೊಡೆಯುತ್ತದೆ. ತೆಳು ಕುಂಡ ನೋಡಲು ಚೆಂದ, ಆದರೆ ಮಳೆಯಲ್ಲಿ ಅದರೊಳಗಿನ ಮಣ್ಣು ಮೇಲಿನವರೆಗೂ ಒದ್ದೆಯಾಗಿಯೇ ಉಳಿಯುತ್ತದೆ. ಸ್ವಲ್ಪ ಆಳ ಇದ್ದದ್ದೇ ನಮಗೆ ಕ್ಷೇಮ.

ಮಣ್ಣಿಗೆ ಜಪಾನಿನ ಅಕಡಾಮ ತರಿಸುವ ಅಗತ್ಯ ಇಲ್ಲ. ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ಮೆಣಸಿನ ಕಾಳಿನಷ್ಟು ದಪ್ಪದ ಚೂರು ಮಾತ್ರ ಉಳಿಸಿಕೊಳ್ಳಿ. ದೂಳು ತೊಳೆಯಿರಿ. ಅದರ ಜೊತೆ ಅದೇ ಗಾತ್ರದ ಸಣ್ಣ ಜಲ್ಲಿ, ಒಂದು ಪಾಲು ಕೊಳೆತ ದರಗಿನ ಗೊಬ್ಬರ. ಘಟ್ಟದ ಕಡೆಯವರು ಗೊಬ್ಬರದ ಪಾಲು ಕಡಿಮೆ ಮಾಡಿ, ಶಿವಮೊಗ್ಗ ಕಡೆಯವರು ಸ್ವಲ್ಪ ಹೆಚ್ಚಿಸಿ. ತೋಟದ ಕೆಂಪು ಮಣ್ಣನ್ನು ಹಾಗೇ ಹಾಕಬೇಡಿ. ನೆಲದಲ್ಲಿ ಚಿನ್ನದಂಥ ಮಣ್ಣು ಕುಂಡದಲ್ಲಿ ಅಂಟಾಗಿ ಕೂರುತ್ತದೆ.

ಮನೆಯಲ್ಲಿ ಒಂದು ಪ್ರಶ್ನೆ ಏಳಬಹುದು. ನಮ್ಮ ದೊಡ್ಡಮ್ಮ ಕೇಳಿದ್ದರು, "ಮರಾನ ಹೀಗೆ ಕಟ್ಟಿ ಹಾಕೋದು ಪಾಪ ಅಲ್ವಾ?" ಅಂತ. ನಾನು ಅವರಿಗೆ ಹಿರೋಶಿಮಾದ ಒಂದು ಬಿಳಿ ಪೈನ್ ಕಥೆ ಹೇಳಿದೆ. 1625ರಿಂದ ಬೋನ್ಸಾಯ್ ಆಗಿ ಬೆಳೆದ ಮರ. ಒಂದೇ ಮನೆತನದವರು ತಲೆಮಾರುಗಳ ಕಾಲ ನೋಡಿಕೊಂಡರು. 1945ರ ಅಣುಬಾಂಬ್ ಬಿದ್ದಾಗ ಗೋಡೆಯ ಮರೆಯಲ್ಲಿ ಉಳಿಯಿತು. 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಗಿ ವಾಷಿಂಗ್ಟನ್ ಸೇರಿತು. ಹಿಂಸೆ ಆಗಿದ್ದರೆ ಅಷ್ಟು ಕಾಲ ಬದುಕುತ್ತಿತ್ತೇ? ದೊಡ್ಡಮ್ಮ ಏನೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಏಳುವ ಮೊದಲೇ ನನ್ನ ಫೈಕಸ್‌ಗೆ ನೀರು ಹಾಕಿದ್ದರು.

ಮನೆಗೆ ತಂದ ಮೇಲೆ

ತಂದ ದಿನವೇ ಕತ್ತರಿ ಹಿಡಿಯಬೇಡಿ. ಎರಡು-ಮೂರು ವಾರ ಇದ್ದ ಕೊಟ್ಟೆಯಲ್ಲೇ ಅಂಗಳದಲ್ಲಿ, ಬೆಳಗಿನ ಬಿಸಿಲು ಬೀಳುವಲ್ಲಿ ಇಡಿ. ಬೋನ್ಸಾಯ್ ಮನೆಯೊಳಗಿನ ಅಲಂಕಾರ ಅಲ್ಲ. ನಮ್ಮ ಹೆಂಚಿನ ಮನೆಗಳ ಒಳಗೆ ಮಳೆಗಾಲದಲ್ಲಿ ಓದಲಿಕ್ಕೇ ಬೆಳಕು ಸಾಲದು, ಗಿಡಕ್ಕೆ ಹೇಗೆ ಸಾಕಾಗುತ್ತದೆ? ನೆಂಟರು ಬಂದ ದಿನ ಒಳಗೆ ತಂದಿಟ್ಟು ತೋರಿಸಿ, ಸಂಜೆ ಮತ್ತೆ ಹೊರಗಿಡಿ.

ಫೈಕಸ್ ಆದರೆ ಬುಟ್ಟಿಗೆ ಬದಲಿಸಲು ಏಪ್ರಿಲ್ ಕೊನೆ, ಮೇ ತಿಂಗಳು ಒಳ್ಳೆಯದು. ಒಂದೆರಡು ಅಡ್ಡಮಳೆ ಬಿದ್ದಿರುತ್ತದೆ, ಸೆಕೆ ಇರುತ್ತದೆ, ಜೋರು ಮಳೆ ಹಿಡಿಯುವ ಮೊದಲೇ ಹೊಸ ಬೇರು ಕಚ್ಚಿಕೊಳ್ಳುತ್ತದೆ. ಬದಲಿಸಿದ ಮೇಲೆ ಎರಡು ವಾರ ನೆರಳು. ಅಡಿಕೆ ಸೋಗೆಯ ಚಪ್ಪರ ಇದ್ದರೆ ಅದೇ ಸಾಕು. ಜುಲೈನಲ್ಲಿ ಮಳೆ ಬಿಡದೆ ಹೊಡೆಯುವಾಗ ಬುಟ್ಟಿಯ ಒಂದು ಬದಿಗೆ ಅಡಿಕೆ ದಬ್ಬೆಯ ತುಂಡೊಂದನ್ನು ಕೊಟ್ಟು ಓರೆಯಾಗಿಡಿ. ನೀರು ನಿಲ್ಲದೆ ಕೆಳಬದಿಯಿಂದ ಇಳಿದುಹೋಗುತ್ತದೆ. ತಂತಿ ಸುತ್ತಿದ್ದರೆ ಆ ತಿಂಗಳು ವಾರಕ್ಕೊಮ್ಮೆ ನೋಡುತ್ತಿರಿ. ಮಳೆಯಲ್ಲಿ ಫೈಕಸ್ ಕೊಂಬೆ ಕಣ್ಣೆದುರೇ ದಪ್ಪವಾಗುತ್ತದೆ, ತಂತಿ ತೊಗಟೆಯನ್ನು ಕಚ್ಚಲು ತುಂಬ ದಿನ ಬೇಕಿಲ್ಲ. ಕಚ್ಚುವ ಹಾಗೆ ಕಂಡರೆ ಸುರುಳಿ ಬಿಚ್ಚಲು ಹೋಗಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.